ತೊಗರಿಬೇಳೆ ಎತ್ತಿದ ಪಿಸ್ತೂಲು

ಲಂಡನ್ನಿನ ಪಿನ್ನರ್ ಎಂಬಲ್ಲಿರುವ ಭಾವನವರ ಮನೆಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ಗಾಜಿನ ಶೋಕೇಸು. ಅದರಲ್ಲಿ ವೆಂಕಟರಮಣನ ಫೋಟೋ, ಧಾರವಾಡದ ಕಾಲೇಜಿನ ಗ್ರೂಪ್ ಫೋಟೋ. ಮೊನ್ನೆಯವರೆಗೆ ಎರಡರ ನಡುವೆ ಒಂದು ಟ್ರೋಫಿಯೂ ಇತ್ತು. ಒಂದು ವರ್ಷ ಪೂರ್ತಿ ನಾನು ಆ ಟ್ರೋಫಿಯನ್ನು ನೋಡಿ ಹೊಟ್ಟೆ ಉರಿಸಿಕೊಂಡಿದ್ದೇನೆ. ಅದು ನನ್ನದು. ನನ್ನಿಂದ ಕಿತ್ತುಕೊಂಡದ್ದು. ದೊಡ್ಡ ಮನಸ್ಸು ಮಾಡಿ ಮರೆತುಬಿಡು ಎಂದು ಹೇಳಿದವರು ಬಹಳ ಜನ. ನನ್ನ ಮನಸ್ಸು ಅಷ್ಟು ದೊಡ್ಡದಿಲ್ಲ, ಅದಕ್ಕೆ ನಾಚಿಕೆಯೂ ಇಲ್ಲ.

ಭಾವ ಎಂದರೆ ನನ್ನ ಗಂಡನ ಸ್ವಂತ ಅಣ್ಣ. ಇಲ್ಲಿಯ ಸರಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ನಾವು ಲಂಡನ್ನಿಗೆ ಬಂದ ಹೊಸತರಲ್ಲಿ ಆರು ತಿಂಗಳು ಅವರ ಮನೆಯಲ್ಲೇ ಇದ್ದೆವು. ಆ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ನಮ್ಮವರಿಗೆ ಅಣ್ಣ ಹೇಳಿದ್ದೇ ವೇದವಾಕ್ಯ. ನಾನು ಡೆಂಟಲ್ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಸೌತ್‌ಹಾಲಿನ ಹತ್ತಿರ ಒಂದು ಶೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ಕುಳಿತು, ಎಂದೂ ಮುಖ ನೋಡದ ಜನರ ಬಾಯಿಗೆ ಕ್ಯಾಪು, ಬ್ರಿಡ್ಜು, ಹಲ್ಲಿನ ಸೆಟ್ಟು ಮಾಡಿಕೊಡುತ್ತೇನೆ. ಭಾವ ನನ್ನನ್ನು ಹೊಸಬರಿಗೆ ಪರಿಚಯಿಸುವಾಗ, "ಇಕಿ ನಮ್ಮ ತಮ್ಮನ ಹೆಂಡತಿ, ಮಂದಿ ಹಲ್ಲು ತಿಕ್ಕತಾಳ" ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ನಾನೂ ಹಲ್ಲು ಬಿಡುತ್ತಿದ್ದೆ.

ಪಿಸ್ತೂಲಿನ ಹುಚ್ಚು ಹಿಡಿಸಿದವರು ಅವರೇ. ರೈಲ್ವೆ ಹಳಿಯ ಹಿಂದೆ, ಯುದ್ಧದ ಕಾಲದ ಒಂದು ಇಟ್ಟಿಗೆ ಕಟ್ಟಡದಲ್ಲಿ ಅವರ ಕ್ಲಬ್ಬು. ಈ ದೇಶದಲ್ಲಿ ಕೈಯಲ್ಲಿ ಅಡಗುವಂಥ ಪಿಸ್ತೂಲು ಇಟ್ಟುಕೊಳ್ಳಲು ಕಾನೂನು ಬಿಡುವುದಿಲ್ಲ. ಅದಕ್ಕೆ ನಮ್ಮಂಥವರ ಪಿಸ್ತೂಲಿಗೆ ಲಟ್ಟಣಿಗೆಯಷ್ಟು ಉದ್ದದ ನಳಿಗೆ, ಹಿಡಿಕೆಯ ಹಿಂದೆ ಮೊಣಕೈವರೆಗೆ ಚಾಚಿದ ಒಂದು ಸರಳು. ಗುಂಡು ಮಾತ್ರ ಚಿಕ್ಕದು, ಕಡಲೆಬೀಜದಷ್ಟು. ಒಂದು ಭಾನುವಾರ ಅತಿಥಿಯಾಗಿ ಹೋದೆ, ಎರಡನೇ ಭಾನುವಾರ ನಾನೇ ಕೇಳಿಕೊಂಡು ಹೋದೆ. ಇಡೀ ವಾರ ಭೂತಗನ್ನಡಿಯ ಕೆಳಗೆ ಕೈ ನಡುಗದಂತೆ ಕೆಲಸ ಮಾಡುವವಳಿಗೆ ಗುರಿ ಹಿಡಿಯುವುದು ಹೊಸದೇನಲ್ಲ. ಲೈಸೆನ್ಸಿಗೆ ಅರ್ಜಿ ಹಾಕಿದೆ. ಪೊಲೀಸಿನವರು ಮನೆಗೆ ಬಂದು, ಗೋಡೆಗೆ ಬೋಲ್ಟು ಹೊಡೆದ ಉಕ್ಕಿನ ಬೀರುವನ್ನು ಅಲ್ಲಾಡಿಸಿ ನೋಡಿ, ನಾನು ಕೊಟ್ಟ ಚಹಾ ಕುಡಿದು ಹೋದರು. ಕ್ಲಬ್ಬಿನವರೊಬ್ಬರ ಹಳೆಯ ಪಿಸ್ತೂಲು ನನ್ನದಾಯಿತು. ಎರಡು ವರ್ಷದಲ್ಲಿ ನಾನು ಅಭ್ಯಾಸದಲ್ಲಿ ಭಾವನವರನ್ನು ದಾಟತೊಡಗಿದೆ. ಮೊದಲು ಅವರೇ ಬೆನ್ನು ತಟ್ಟಿದರು. ಆಮೇಲೆ ತಟ್ಟುವುದು ನಿಲ್ಲಿಸಿದರು.

ಕ್ಲಬ್ಬಿನ ವಾರ್ಷಿಕ ಸ್ಪರ್ಧೆ ಅಕ್ಟೋಬರಿನಲ್ಲಿ. ಹೋದ ವರ್ಷ ಅದಕ್ಕೆ ಒಂದು ವಾರ ಮುಂಚೆ ಕ್ಲಬ್ಬಿನ ಬೆಂಚಿನ ಹತ್ತಿರ ಭಾವ ನನ್ನ ಪಿಸ್ತೂಲು ಕೈಗೆ ತೆಗೆದುಕೊಂಡರು.

"ತಂಗೀ, ನಿನ್ನ ಟ್ರಿಗರ್ ಭಾಳ ಒರಟು ಆಗೇದ. ಒಳಗ ಹೊಲಸು ಕೂತದ. ನೀ ಹೋಗಿ ಚಾ ತೊಗೊಂಡು ಬಾ, ನಾ ಅಷ್ಟರಾಗ ಬಿಚ್ಚಿ ಎಣ್ಣಿ ಹಾಕಿಬಿಡ್ತೇನಿ."

"ನಿಮಗ್ಯಾಕ್ ತ್ರಾಸ ಭಾವಾ" ಎಂದೆ. ಎಂದವಳು ಚಹಾ ತರಲು ಹೋದೆ. ಹಿರಿಯರು, ಕಲಿಸಿದವರು, ಬೇಡ ಎನ್ನಲು ಬಾಯಿ ಬರಲಿಲ್ಲ. ಬರುವಷ್ಟರಲ್ಲಿ ಪಿಸ್ತೂಲು ಜೋಡಿಸಿ ಆಗಿತ್ತು. ಎಳೆದು ನೋಡಿದರೆ ಬೆಣ್ಣೆ. ನಾನು ಪೆದ್ದಿ, ಎರಡೂ ಕೈ ಜೋಡಿಸಿ ಧನ್ಯವಾದ ಹೇಳಿದೆ.

ಸ್ಪರ್ಧೆಯಲ್ಲಿ ಭಾವನವರಿಗಿಂತ ಮೂರು ಅಂಕ ಹೆಚ್ಚು ಬಂತು. ಕ್ಲಬ್ಬಿನ ಕಾರ್ಯದರ್ಶಿ, ಅಂಡರ್‌ಗ್ರೌಂಡ್ ರೈಲಿನ ಡಿಪೋದಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ಇಂಗ್ಲಿಷ್ ಮುದುಕರು, ನನ್ನ ಕೈ ಕುಲುಕಲು ಎದ್ದರು. ಆಗ ಭಾವ ಹಿಂದಿನಿಂದ, ಬಹಳ ಮೆತ್ತಗೆ, ಇಂಗ್ಲಿಷಿನಲ್ಲಿ, ನಿಯಮದ ಪ್ರಕಾರ ಟ್ರಿಗರ್ ತೂಕ ಒಮ್ಮೆ ನೋಡಿಬಿಡೋಣವಲ್ಲ ಎಂದರು. ಟ್ರಿಗರ್ ಹಗುರಾದಷ್ಟು ಗುರಿ ಸುಲಭ, ಅದಕ್ಕೇ ನಮ್ಮ ಸ್ಪರ್ಧೆಯಲ್ಲಿ ಅದು ಒಂದು ಕಿಲೋ ಭಾರವನ್ನು ತಡೆಯಬೇಕು. ನೆಲದ ಮೇಲಿಟ್ಟ ಒಂದು ಕಿಲೋ ತೂಕಕ್ಕೆ ಖಾಲಿ ಪಿಸ್ತೂಲಿನ ಟ್ರಿಗರ್ ಸಿಕ್ಕಿಸಿ ಮೇಲೆತ್ತುತ್ತಾರೆ. ಟ್ರಿಗರ್ ಟಕ್ಕೆಂದು ಬಿಟ್ಟುಕೊಂಡರೆ ಅಂಕವೆಲ್ಲ ಹೋದಹಾಗೆ. ಎಷ್ಟೋ ವರ್ಷದಿಂದ ಆ ತೂಕವನ್ನು ಯಾರೂ ಮುಟ್ಟಿರಲಿಲ್ಲ. ಕಾರ್ಯದರ್ಶಿ ಅದರ ಮೇಲಿನ ಧೂಳು ಒರೆಸಿ ತಂದರು.

ಟಕ್. ಎರಡನೇ ಸಲ, ಟಕ್. ಮೂರನೇ ಸಲ ತೂಕ ನೆಲ ಬಿಟ್ಟು ಏಳುವ ಮೊದಲೇ, ಟಕ್.

"ಸಾರಿ, ಲವ್" ಎಂದರು ಮುದುಕರು, ಮಗಳಿಗೆ ಹೇಳುವ ಹಾಗೆ. ಟ್ರೋಫಿ ಭಾವನವರಿಗೆ ಹೋಯಿತು. ಕಾರ್ ಪಾರ್ಕಿನಲ್ಲಿ ಕೇಳಿದೆ, "ಭಾವಾ, ಅವತ್ತ ಒಳಗ ಏನರ ಬದಲು ಮಾಡಿದ್ರೇನು?" "ನಾ ಏನ್ ಮಾಡಲೆವಾ? ಬರೇ ಎಣ್ಣಿ ಹಾಕೇನಿ" ಎಂದರು. ನನ್ನ ತಲೆ ಮೇಲೆ ಕೈಯಾಡಿಸಿದರು ಕೂಡ.

ಅದರ ಮುಂದಿನ ಶನಿವಾರ ಅವರ ಮನೆಯಲ್ಲಿ ದಸರಾ. ಇಲ್ಲಿ ಹಬ್ಬಗಳೆಲ್ಲ ಶನಿವಾರಕ್ಕೆ ಸರಿಯುತ್ತವೆ. ನಮ್ಮ ಕಡೆ ವಿಜಯದಶಮಿಯ ದಿನ ಬನ್ನಿ ಎಲೆ ಹಂಚಿ, ಹಿರಿಯರ ಕಾಲಿಗೆ ಬೀಳುವುದು ಪದ್ಧತಿ. ವರ್ಷದ ಜಗಳವೆಲ್ಲ ಅಲ್ಲಿಗೆ ಮುಗಿಯಬೇಕು. ಲಂಡನ್ನಿನಲ್ಲಿ ಬನ್ನಿ ಮರ ಎಲ್ಲಿಂದ ತರುವುದು? ಊರಿಂದ ಬರುವವರ ಸೂಟ್‌ಕೇಸಿನಲ್ಲಿ ಒಣಗಿದ ಎಲೆ ಬರುತ್ತದೆ. ಮುಟ್ಟಿದರೆ ಪುಡಿಯಾಗುವ ಎಲೆಯನ್ನು ಪುಟ್ಟ ಪುಟ್ಟ ಕಾಗದದ ಪೊಟ್ಟಣ ಕಟ್ಟಿ ಹಂಚುತ್ತೇವೆ. ಆ ದಿನ ನಾನು ಬನ್ನಿ ಕೊಡಲು ಹೋದಾಗ ಭಾವ ಪೊಟ್ಟಣವನ್ನು ಅಂಗೈಯಲ್ಲಿ ತೂಗಿ, ಮೂವತ್ತು ಜನರ ಎದುರಿಗೆ, "ಇದೂ ಕಿಲೋ ತೂಗೂದಿಲ್ಲ ನೋಡವಾ" ಎಂದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟರಲ್ಲೇ ಕಥೆ ಎಲ್ಲರಿಗೂ ಗೊತ್ತಾಗಿತ್ತು. ಹಲ್ಲು ತಿಕ್ಕುವವಳು ಈಗ ಕಳ್ಳಿಯೂ ಆಗಿದ್ದೆ. ನಮ್ಮವರೂ ನಕ್ಕರು. ಜೋರಾಗಿ ಅಲ್ಲ, ಆದರೆ ನಕ್ಕರು. ಅದನ್ನು ನಾನು ನೋಡಿದೆ.

ಮಾರನೆಯ ದಿನ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ, ಮೊದಲ ಸಲ ನಾನೇ ಪಿಸ್ತೂಲು ಬಿಚ್ಚಿದೆ. ಲ್ಯಾಬಿನಿಂದ ತಂದ, ಕನ್ನಡಕದಂತೆ ಮೂಗಿಗೇರಿಸುವ ಭೂತಗನ್ನಡಿ ಹಾಕಿಕೊಂಡು ಒಂದೊಂದೇ ಭಾಗ ನೋಡಿದೆ. ಟ್ರಿಗರಿನ ಸ್ಪ್ರಿಂಗು ಕೈಗೆ ಬಂದಾಗ ಕೈ ನಿಂತಿತು. ಅದರ ಒಂದು ತುದಿ ಕಾರ್ಖಾನೆಯಲ್ಲಿ ಮಾಡಿದ ಹಾಗೆ ಚಪ್ಪಟೆಯಾಗಿತ್ತು. ಇನ್ನೊಂದು ತುದಿಯನ್ನು ಯಾರೋ ಇಕ್ಕಳದಲ್ಲಿ ಕತ್ತರಿಸಿದ್ದರು. ಮೈಯೆಲ್ಲ ಹಳೆ ಎಣ್ಣೆಯಿಂದ ಮಸುಕಾಗಿದ್ದ ಸ್ಪ್ರಿಂಗಿಗೆ ಆ ತುದಿ ಮಾತ್ರ ಫಳಫಳ ಹೊಳೆಯುತ್ತಿತ್ತು. ಸ್ಪ್ರಿಂಗು ಗಿಡ್ಡಾದರೆ ಟ್ರಿಗರ್ ಹಗುರ. ಬೆಣ್ಣೆಯಂತಾದದ್ದು ಎಣ್ಣೆಯಿಂದಲ್ಲ.

ನಮ್ಮವರನ್ನು ಕರೆದು, ಭೂತಗನ್ನಡಿ ಅವರ ಮೂಗಿಗೆ ಏರಿಸಿ ತೋರಿಸಿದೆ. ಬಹಳ ಹೊತ್ತು ನೋಡಿದರು.

"ಅಣ್ಣ ಅಂಥಾ ಮನಷ್ಯಾ ಅಲ್ಲ" ಎಂದರು. "ಸೆಕೆಂಡ್ ಹ್ಯಾಂಡ್ ಪಿಸ್ತೂಲ್ ಅದು. ಮೊದಲಿನಾಂವ ಕತ್ತರಿಸಿರಬೇಕು."

"ಮೊದಲಿನಾಂವ ಕತ್ತರಿಸಿದ್ರ ಅದು ಹಿಂಗ ಹೊಳೀತಿತ್ತೇನ್ರೀ?"

"ನನಗೇನ್ ತಿಳೀತದ. ಬಿಟ್ಟುಬಿಡು. ಮನಿ ಒಡೀಬ್ಯಾಡ."

ಭಾವನವರ ಮೇಲೆ ಬಂದ ಸಿಟ್ಟಿಗಿಂತ ಈ ಮಾತಿಗೆ ಬಂದ ಸಿಟ್ಟು ದೊಡ್ಡದು. ಇಪ್ಪತ್ತಾರು ವರ್ಷ ಜೊತೆಗೆ ಬಾಳಿದವಳ ಕಣ್ಣನ್ನು ನಂಬುವುದಿಲ್ಲ, ಅಣ್ಣನ ಬಾಯನ್ನು ನಂಬುತ್ತಾರೆ. ಮಗಳು ಫೋನಿನಲ್ಲಿ "ಅಮ್ಮಾ, ಮೂವ್ ಆನ್" ಎಂದಳು. ಕಾರ್ಯದರ್ಶಿಗೆ ತೋರಿಸಿದರೆ ಅವರೂ, ಇರಬಹುದು, ಇಲ್ಲದಿರಬಹುದು ಎಂದು ಭುಜ ಹಾರಿಸಿದರು. ಸರಿ ಎಂದುಕೊಂಡೆ. ಸ್ಪ್ರಿಂಗನ್ನು ಖಾಲಿ ಕುಂಕುಮದ ಡಬ್ಬಿಯಲ್ಲಿ ಹಾಕಿಟ್ಟೆ. ಟ್ರೋಫಿ ತರಬೇಕು, ಈ ಮನುಷ್ಯನಿಂದ ಹೌದು ಎನಿಸಬೇಕು. ಮನುಷ್ಯ ಎಂದರೆ ಭಾವ ಅಲ್ಲ, ನನ್ನ ಗಂಡ.

ಇನ್ನು ಮುಂದೆ ನನ್ನ ಪಿಸ್ತೂಲಿನ ಒಳಗೆ ಬೇರೆ ಯಾರೂ ಕೈ ಹಾಕಬಾರದು ಎಂದು ಆಣೆ ಹಾಕಿಕೊಂಡೆ. ಹೊಸ ಸ್ಪ್ರಿಂಗು, ಹೊಸ ಟ್ರಿಗರ್, ಗುಂಡು ಸಿಡಿಯಲು ಬಡಿಯುವ ಹ್ಯಾಮರು, ಅದನ್ನು ಟ್ರಿಗರ್ ಎಳೆಯುವ ತನಕ ತಡೆದು ಹಿಡಿಯುವ ಉಗುರಿನಷ್ಟು ಪುಟ್ಟ ಉಕ್ಕಿನ ಕೊಂಡಿ, ಇವೆಲ್ಲ ಒಂದೊಂದಾಗಿ ಟಪಾಲಿನಲ್ಲಿ ಬಂದವು. ಪ್ರತಿ ಪೊಟ್ಟಣ ಬಿಚ್ಚುವಾಗಲೂ ಭಾವನವರ ಮುಖ ನೆನೆಸಿಕೊಳ್ಳುತ್ತಿದ್ದೆ. ಅದು ನನಗೆ ಒಂಥರಾ ಟಾನಿಕ್ಕು.

ಮೊದಲ ಕೊಂಡಿಯನ್ನು ನಾನೇ ಹಾಳು ಮಾಡಿದೆ. ಅದರ ಮುಖವನ್ನು ಸ್ವಲ್ಪ ನುಣುಪು ಮಾಡಿದರೆ ಟ್ರಿಗರ್ ಎಳೆತ ಹಿತವಾಗುತ್ತದೆ ಎಂದು ಕಾರ್ಯದರ್ಶಿ ಹೇಳಿದ್ದರು. ನುಣುಪು ಮಾಡುವುದನ್ನು ನನಗೆ ಹೇಳಿಕೊಡಬೇಕೆ? ಕುಳಿತೆ, ಉಜ್ಜಿದೆ, ಕನ್ನಡಿಯಂತೆ ಹೊಳೆಯಿಸಿದೆ. ಜೋಡಿಸಿದರೆ ಹ್ಯಾಮರ್ ನಿಲ್ಲುವುದೇ ಇಲ್ಲ, ಸುಮ್ಮನೆ ಜಾರಿಬೀಳುತ್ತದೆ. ಮುದುಕರಿಗೆ ಒಯ್ದು ತೋರಿಸಿದೆ. ಬೆರಳಿನಿಂದ ಅಂಚು ಸವರಿ ನೋಡಿ ಅವರು ಬಿದ್ದು ಬಿದ್ದು ನಕ್ಕರು. ಇಪ್ಪತ್ತು ವರ್ಷದ ಅಭ್ಯಾಸ ನನ್ನ ಕೈಗೆ ಮೋಸ ಮಾಡಿತ್ತು. ಬಾಯೊಳಗೆ ಹೋಗುವ ವಸ್ತುವಿನಲ್ಲಿ ಒಂದೂ ಚೂಪು ಅಂಚು ಉಳಿಯಬಾರದು, ನಾಲಗೆಗೆ ಚುಚ್ಚಬಾರದು. ನನಗೆ ಗೊತ್ತಿಲ್ಲದೆ ನಾನು ಆ ಕೊಂಡಿಯ ಅಂಚನ್ನೂ ಹಲ್ಲಿನ ಹಾಗೆ ದುಂಡಗೆ ಮಾಡಿಬಿಟ್ಟಿದ್ದೆ. ಇಲ್ಲಿ ಬೇಕಾದದ್ದೇ ಆ ಚೂಪು. ಎರಡನೇ ಕೊಂಡಿ ತರಿಸಿದೆ. ಅದರ ಅಂಚನ್ನು ಮುಟ್ಟಲಿಲ್ಲ.

ಲ್ಯಾಬಿನ ಇನ್ನೊಂದು ವಿದ್ಯೆ ಮಾತ್ರ ಕೈಹಿಡಿಯಿತು. ಹಲ್ಲಿನ ಡಾಕ್ಟರು ಹೊಸ ಕ್ಯಾಪು ಕೂರಿಸಿದ ಮೇಲೆ ಒಂದು ತೆಳ್ಳನೆಯ ನೀಲಿ ಕಾಗದ ಕಚ್ಚಿಸುತ್ತಾರಲ್ಲ, ಮೇಲಿನ ಹಲ್ಲು ಕೆಳಗಿನದಕ್ಕೆ ಎಲ್ಲಿ ತಾಗುತ್ತದೆ ಎಂದು ಗುರುತು ಬೀಳಲು, ಅದೇ ಕಾಗದದ ಚೂರನ್ನು ಕೊಂಡಿಗೂ ಹ್ಯಾಮರಿಗೂ ನಡುವೆ ಇಟ್ಟೆ. ನೀಲಿ ಗುರುತು ಒಂದು ಮೂಲೆಗೆ ಮಾತ್ರ ಬಿತ್ತು. ಪಿನ್ನು ಸವೆದು ಹ್ಯಾಮರ್ ಓರೆಯಾಗಿ ಕುಳಿತಿತ್ತು. ಹೊಸ ಪಿನ್ನು ಹಾಕಿದೆ. ಮತ್ತೆ ಕಾಗದ, ಮತ್ತೆ ನೋಟ, ಮತ್ತೆ ಬಿಚ್ಚುವುದು. ಎಷ್ಟೋ ಭಾನುವಾರಗಳಾದ ಮೇಲೆ ಗುರುತು ಪೂರ್ತಿ ಅಗಲಕ್ಕೆ, ಸಮನಾಗಿ ಬಿತ್ತು. ಆ ದಿನ ಒಬ್ಬಳೇ ಅಡುಗೆಮನೆಯಲ್ಲಿ ನಿಂತು "ಬರ್ರಿ ಭಾವಾ, ಈಗ ಬರ್ರಿ" ಎಂದೆ. ಜೋರಾಗಿಯೇ ಎಂದೆ.

ತೂಕ ನೋಡಲು ಮನೆಯಲ್ಲಿದ್ದದ್ದು ಒಂದು ಕಿಲೋ ತೊಗರಿಬೇಳೆಯ ಪ್ಯಾಕೆಟ್ಟು. ಅಡುಗೆಯ ತಕ್ಕಡಿಯಲ್ಲಿ ತೂಗಿದರೆ ಕಿಲೋಗಿಂತ ಎಂಟು ಗ್ರಾಂ ಹೆಚ್ಚೇ ಇತ್ತು. ಅದನ್ನು ಬಟ್ಟೆಯ ಚೀಲಕ್ಕೆ ಹಾಕಿ, ಚೀಲದ ಲಾಡಿಯನ್ನು ಟ್ರಿಗರಿಗೆ ಸಿಕ್ಕಿಸಿ, ನಳಿಗೆ ಮೇಲೆ ಮಾಡಿ ಖಾಲಿ ಪಿಸ್ತೂಲನ್ನು ಎತ್ತುತ್ತಿದ್ದೆ. ಸ್ಪ್ರಿಂಗಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವುದು, ಬೇಳೆ ಎತ್ತುವುದು. ನಮ್ಮವರು ಬಾಗಿಲಲ್ಲಿ ನಿಂತು, "ಇವತ್ತ ಸಾರಿಗೆ ಬ್ಯಾಳಿ ಅದನೋ ಇಲ್ಲೋ?" ಎಂದು ಕೇಳುತ್ತಿದ್ದರು. ಆ ಪ್ಯಾಕೆಟ್ಟನ್ನು ವರ್ಷವಿಡೀ ನಾನು ಒಡೆಯಲಿಲ್ಲ. ಸಾರಿಗೆ ಬೇರೆ ತಂದೆ.

ಈ ಅಕ್ಟೋಬರಿನ ಸ್ಪರ್ಧೆಗೆ ಭಾವ ಹೊಸ ಜಾಕೆಟ್ಟು ಹಾಕಿಕೊಂಡು ಬಂದರು. ನನ್ನನ್ನು ನೋಡಿ, "ಏನವಾ, ಎಣ್ಣಿ ಹಾಕಲೇನು?" ಎಂದರು. "ಬ್ಯಾಡ್ರಿ, ಈ ಸಲ ನಾನೇ ಹಾಕೇನಿ" ಎಂದೆ. ಆಡಿದ ಮಾತು ಅಷ್ಟೇ. ಪಕ್ಕ ಪಕ್ಕದ ಸಾಲಿನಲ್ಲಿ ನಿಂತು ಹೊಡೆದೆವು. ನನ್ನ ಟ್ರಿಗರ್ ಈಗ ಬೆಣ್ಣೆಯಲ್ಲ. ಒಂದು ಹಂತ ಬರುತ್ತದೆ, ಅಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಇನ್ನೊಂದಿಷ್ಟು ಒತ್ತಿದರೆ ಟಕ್ಕೆಂದು ಸ್ವಚ್ಛವಾಗಿ ಬಿಟ್ಟುಕೊಳ್ಳುತ್ತದೆ. ಪ್ರತಿ ಸಲ ಒಂದೇ ಜಾಗದಲ್ಲಿ. ಸಿಟ್ಟಿನಲ್ಲಿ ಗುರಿ ತಪ್ಪುತ್ತದೆ ಎನ್ನುತ್ತಾರೆ. ನನಗೆ ತಪ್ಪಲಿಲ್ಲ. ವರ್ಷಪೂರ್ತಿ ಕುದಿಸಿ ಇಳಿಸಿದ ಸಿಟ್ಟು ಅದು.

ಐದು ಅಂಕದಿಂದ ಗೆದ್ದೆ. ಕಾರ್ಯದರ್ಶಿ ಕೈ ಚಾಚುವ ಮೊದಲೇ ನಾನು ಹೇಳಿದೆ, ಮೊದಲು ತೂಕ ತನ್ನಿ ಎಂದು. ಎಲ್ಲರೂ ಸುತ್ತ ನಿಂತರು. ಮುದುಕರು ಒಂದು ಸಲ ಎತ್ತಿದರು, ಎರಡು, ಮೂರು. ತೂಕ ಗಾಳಿಯಲ್ಲಿ ಸುಮ್ಮನೆ ತೂಗುತ್ತಿತ್ತು. ನಾಲ್ಕನೇ ಸಲ ಅದನ್ನು ಹಾಗೇ ಎತ್ತಿ ಹಿಡಿದು ಇನ್ನೊಂದು ಕೈಯಿಂದ ಚಹಾ ಕುಡಿದರು. ಭಾವ ಮಾತ್ರ ಚಪ್ಪಾಳೆ ತಟ್ಟುತ್ತಾ, "ಹೊಸಾ ಸಾಮಾನು ಹಾಕಿದ್ರ ಯಾರರ ಗೆಲ್ತಾರ" ಎಂದು, ನೋಡಲು ಬಂದಿದ್ದ ನಮ್ಮವರ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು. ನಮ್ಮವರು ಹೌದೆಂಬಂತೆ ತಲೆಯಾಡಿಸಿದರು. ಟ್ರೋಫಿ ಕೈಯಲ್ಲಿದ್ದರೂ ಹೊಟ್ಟೆಯ ಉರಿ ಆರಲಿಲ್ಲ.

ಖಂಡೇನವಮಿಯ ದಿನ ಪಿಸ್ತೂಲನ್ನೂ ಲ್ಯಾಬಿನ ಸಲಕರಣೆಗಳನ್ನೂ ಮಣೆಯ ಮೇಲಿಟ್ಟು ಪೂಜೆ ಮಾಡಿದೆ. ಕುಂಕುಮದ ಡಬ್ಬಿಯಿಂದ ಕತ್ತರಿಸಿದ ಸ್ಪ್ರಿಂಗನ್ನು ತೆಗೆದು ಅದಕ್ಕೂ ಒಂದು ಚುಕ್ಕೆ ಕುಂಕುಮ ಹಚ್ಚಿದೆ. ಈ ವರ್ಷ ಬನ್ನಿಯ ಪೊಟ್ಟಣ ಕಟ್ಟುವ ಕೆಲಸ ನಾನು ಕೇಳಿ ತೆಗೆದುಕೊಂಡಿದ್ದೆ. ಭಾವನವರಿಗೆಂದು ಕಟ್ಟಿದ ಪೊಟ್ಟಣದಲ್ಲಿ ಎಲೆಯ ಜೊತೆಗೆ ಸ್ಪ್ರಿಂಗನ್ನಿಟ್ಟು ಮಡಚಿದೆ.

ಶನಿವಾರ ಪಿನ್ನರಿನಲ್ಲಿ ಅದೇ ಮೂವತ್ತು ಜನ. ಶೋಕೇಸಿನಲ್ಲಿ ಟ್ರೋಫಿ ಇದ್ದ ಜಾಗಕ್ಕೆ ಪ್ಲಾಸ್ಟಿಕ್ ಹೂವು ಬಂದಿತ್ತು. ಭಾವ ಸೋಫಾದ ಮೇಲೆ, ಶಲ್ಯ ಹೊದ್ದು, ಬನ್ನಿ ತೆಗೆದುಕೊಳ್ಳುತ್ತ ಕುಳಿತಿದ್ದರು. ಸಾಲಿನಲ್ಲಿ ನಾನು, ನನ್ನ ಹಿಂದೆ ನಮ್ಮವರು.

"ಬನ್ನಿ ತೊಗೊಂಡು ಬಂಗಾರದಂಗ ಇರೋಣ, ಭಾವಾ" ಎಂದು ಪೊಟ್ಟಣವನ್ನು ಅಂಗೈ ಮೇಲಿಟ್ಟೆ.

ಅವರು ಹೋದ ವರ್ಷದ ಹಾಗೆಯೇ ತೂಗಿ ನೋಡಿದರು. ಗಟ್ಟಿಯಾದದ್ದೇನೋ ಬೆರಳಿಗೆ ಹತ್ತಿತು. "ಏನವಾ, ಖರೇನ ಬಂಗಾರ ಇಟ್ಟಿಯೇನು?" ಎಂದು ನಗುತ್ತಾ ಬಿಚ್ಚಿದರು. ಎಲೆಯ ಪುಡಿಯ ನಡುವೆ ಸ್ಪ್ರಿಂಗು ಅವರ ಅಂಗೈಗೆ ಬಿತ್ತು.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಅಷ್ಟು ದಿನ ನನ್ನೊಳಗೂ ಒಂದು ಸಣ್ಣ ಹುಳ ಕೊರೆಯುತ್ತಿತ್ತು. ನಿಜಕ್ಕೂ ಮೊದಲಿನವನೇ ಕತ್ತರಿಸಿದ್ದರೆ? ಹಾಗಿದ್ದರೆ ಈ ಮನುಷ್ಯ ಈಗ, ಇದ್ಯಾಕವಾ ಟ್ರಿಗರಿನ ಸ್ಪ್ರಿಂಗು ತಂದಿ ಎಂದು ಕೇಳಬೇಕು. ಇಪ್ಪತ್ತು ವರ್ಷ ಪಿಸ್ತೂಲು ಬಿಚ್ಚಿ ಜೋಡಿಸಿದವರಿಗೆ ಅದು ಏನೆಂದು ಗೊತ್ತಾಗದೆ ಇರುತ್ತದೆಯೇ?

"ಏನ್ರೀ ಅದು?" ಎಂದು ಪಕ್ಕದಲ್ಲಿದ್ದ ಅವರ ಹೆಂಡತಿ ಬಗ್ಗಿ ನೋಡಿದರು.

ಭಾವ ಮುಷ್ಟಿ ಮುಚ್ಚಿದರು. "ಏನಿಲ್ಲ, ಪೆನ್ನಿನ ಸ್ಪ್ರಿಂಗು" ಎಂದರು. "ಅಕಸ್ಮಾತ್ ಬಿದ್ದಿರಬೇಕು."

"ಹೌದ್ರಿ, ಪೆನ್ನಿಂದು" ಎಂದೆ ನಾನು. "ನಿಮ್ಮದ ಇರಬೇಕು. ಇಟ್ಕೋರಿ."

ಬಗ್ಗಿ ಅವರ ಪಾದ ಮುಟ್ಟಿದೆ. ಆಶೀರ್ವಾದ ಮಾಡಬೇಕಾದ ಬಲಗೈ ಮುಷ್ಟಿ ಬಿಡಲಿಲ್ಲ, ಎಡಗೈ ನನ್ನ ತಲೆಯ ಮೇಲೆ ಬಂತು. ನನಗೆ ಎಷ್ಟು ಸಂತೋಷವಾಯಿತೆಂದರೆ ಏಳಲು ಮನಸ್ಸಾಗಲಿಲ್ಲ.

ಎದ್ದು ಪಕ್ಕಕ್ಕೆ ಸರಿದೆ. ಈಗ ನಮ್ಮವರ ಸರದಿ. ಅವರು ಆ ಸ್ಪ್ರಿಂಗನ್ನು ನಮ್ಮ ಅಡುಗೆಮನೆಯ ಮೇಜಿನ ಮೇಲೆ ಭೂತಗನ್ನಡಿ ಹಾಕಿಕೊಂಡು ನೋಡಿದವರು. ಅದು ಅಣ್ಣನ ಅಂಗೈಗೆ ಬಿದ್ದದ್ದು ಅವರಿಗೂ ಕಂಡಿತ್ತು, ಪೆನ್ನಿನದು ಎಂಬ ಮಾತೂ ಕೇಳಿಸಿತ್ತು. ಪೊಟ್ಟಣ ಹಿಡಿದ ಕೈ ಅರ್ಧಕ್ಕೆ ಚಾಚಿತ್ತು. ಅಣ್ಣನ ಮುಚ್ಚಿದ ಮುಷ್ಟಿಯನ್ನು ನೋಡಿದರು, ಮುಖವನ್ನು ನೋಡಿದರು. ಭಾವ ಕಾಲನ್ನು ಸ್ವಲ್ಪ ಮುಂದೆ ಚಾಚಿ ಕುಳಿತೇ ಇದ್ದರು. ಮದುವೆಯಾದಾಗಿನಿಂದ ಒಂದು ದಸರೆಗೂ ನಮ್ಮವರು ಆ ಕಾಲಿಗೆ ಬೀಳದೆ ಬಂದಿರಲಿಲ್ಲ.

ಪೊಟ್ಟಣವನ್ನು ಮತ್ತೆ ಕಿಸೆಯಲ್ಲಿಟ್ಟುಕೊಂಡು, "ನಡಿ, ಮನಿಗೆ ಹೋಗೋಣು" ಎಂದರು.

ಊಟವೂ ಆಗಿರಲಿಲ್ಲ. ಕಾರು ಸಿಗ್ನಲ್ಲಿನಲ್ಲಿ ನಿಂತಾಗ ಅವರು ಅಂಗೈಯಿಂದ ಕಣ್ಣು ಒರೆಸಿಕೊಂಡರು. ನಾನು ಕಿಟಕಿಯ ಕಡೆ ತಿರುಗಿದೆ. ಮನೆಗೆ ಬಂದು ನಾನು ವರ್ಷದಿಂದ ಕಾದಿಟ್ಟಿದ್ದ ತೊಗರಿಬೇಳೆಯ ಪ್ಯಾಕೆಟ್ಟನ್ನು ಕತ್ತರಿಸಿ, ಇಬ್ಬರಿಗೆ ಸಾಕಾಗುವಷ್ಟು ಸಾರಿಗೆ ಇಟ್ಟೆ.